ಬೆರಕೆ ಮರಿಯ ಹೊಣೆ ಯಾರದು?

ಕಳೆದ ವರ್ಷ ತಪಸ್ಸುಕಾಲದ ಒಂದು ಸಂಜೆ, ಅಮೆರಿಕದ ಅರಿಜೋನಾ ರಾಜ್ಯದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನಿಂದ ಮೊಬೈಲಿಗೆ ಒಂದು ಚಿತ್ರ ಬಂದಿತು. ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸಾಲಾಗಿ ಇರಿಸಿದ್ದ 12 ಬಿಳಿಯ ಮೊಟ್ಟೆಗಳು. ಕೋಳಿಮೊಟ್ಟೆಯಂತೆ ನೀಳವಾಗಿರದೆ ಬಹುಮಟ್ಟಿಗೆ ದುಂಡಗಿದ್ದವು. ಚಿತ್ರದ ಕೆಳಗೆ ಅವನು ಬರೆದಿದ್ದ ಮಾತುಗಳು ಇವು: "ಮಾಮ, ಇವು ನನ್ನ ಆಮೆಯ ಮೊಟ್ಟೆಗಳು. ತಾಯಿ ಒಂದು ಜಾತಿ, ತಂದೆ ಇನ್ನೊಂದು ಜಾತಿ. ನಾನು ಬೇಕೆಂದು ಸೇರಿಸಿದ್ದಲ್ಲ, ಹಿತ್ತಲಿನಲ್ಲಿ ಒಟ್ಟಿಗೆ ಬಿಟ್ಟಿದ್ದೆ. ಇಂತಹ ಮರಿಗಳಿಗೆ ಒಳ್ಳೆಯ ಬೆಲೆ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಇಂಥವನ್ನು ಹುಟ್ಟಿಸುವುದೇ ಪಾಪ, ಎಸೆದುಬಿಡು ಎಂದು ಇನ್ನು ಕೆಲವರು ಹೇಳುತ್ತಾರೆ. ನೀವು ಜೀವಶಾಸ್ತ್ರ ಕಲಿಸಿದವರು, ದೇವಾಲಯದಲ್ಲಿ ಮಕ್ಕಳಿಗೆ ಧರ್ಮೋಪದೇಶ ಮಾಡಿದವರು. ಮರಿ ಮಾಡಿಸುವುದು ತಪ್ಪೋ, ಎಸೆಯುವುದು ತಪ್ಪೋ ಹೇಳಿ."

ಇದು ಹೊಟ್ಟೆ ತುಂಬಿದವರ ಸಮಸ್ಯೆಯೆಂದು ನಿಮ್ಮಲ್ಲಿ ಹಲವರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆಮೆಯ ಮೊಟ್ಟೆಗೆ ಇಷ್ಟು ತಲೆಕೆಡಿಸಿಕೊಳ್ಳುವ ಹುಡುಗ ಊರಿನಲ್ಲಿರುವ ತಾಯಿಗೆ ವಾರಕ್ಕೊಮ್ಮೆ ಫೋನ್ ಮಾಡಲಿ ಎಂದೂ ಮನಸ್ಸಿನಲ್ಲಿ ಅಂದುಕೊಂಡೆ. ಆದರೆ ಉತ್ತರ ಬರೆಯಲು ಕುಳಿತಾಗ ಒಂದು ಸಾಲಿಗಿಂತ ಮುಂದೆ ಹೋಗಲಾಗಲಿಲ್ಲ. ಆ ರಾತ್ರಿಯಿಂದ ಹಲವು ವಾರ ನನ್ನನ್ನು ಕಾಡಿದ ವಿಚಾರಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಆ ಎರಡು ಪ್ರಾಣಿಗಳ ಪರಿಚಯವಾಗಬೇಕು. ತಂದೆಯಾದ ಆಮೆಯನ್ನು ಸುಲ್ಕಾಟಾ ಎನ್ನುತ್ತಾರೆ. ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ ಸಹಾರಾ ಮರುಭೂಮಿಯ ದಕ್ಷಿಣದಂಚಿನ ಒಣ ನೆಲ ಅದರ ತವರು. ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಗಂಡು 80 ಕಿಲೋ ಮೀರಿ ತೂಗಬಲ್ಲುದು. ಬಿಸಿಲನ್ನು ತಪ್ಪಿಸಿಕೊಳ್ಳಲು ಅದು ಹಲವು ಮೀಟರ್ ಉದ್ದದ ಬಿಲ ತೋಡುತ್ತದೆ. ಹಿತ್ತಲಿನ ಗೋಡೆಯ ಅಡಿಪಾಯವೂ ಅದಕ್ಕೆ ಲೆಕ್ಕವಿಲ್ಲ. ತಾಯಿಯಾದದ್ದು ಲೆಪರ್ಡ್ ಆಮೆ. ಚಿಪ್ಪಿನ ಮೇಲೆ ಚಿರತೆಯಂತೆ ಕಪ್ಪು ಚುಕ್ಕೆಗಳಿರುವುದರಿಂದ ಆ ಹೆಸರು. ಪೂರ್ವ ಹಾಗೂ ದಕ್ಷಿಣ ಆಫ್ರಿಕಾದ ಹುಲ್ಲುಗಾವಲು ಅದರ ನೆಲೆ. ಗಾತ್ರದಲ್ಲಿ ಬಹಳ ಚಿಕ್ಕದು, ಸ್ವಭಾವದಲ್ಲಿ ಅಂಜುಬುರುಕ. ತಾನಾಗಿ ಬಿಲ ತೋಡದೆ ಪೊದೆಯ ನೆರಳಿನಲ್ಲಿ ಅಡಗುವ ಜೀವ. ಇವೆರಡರ ನೆಲೆಗಳು ಬಹುಪಾಲು ಬೇರೆ ಬೇರೆ. ಅವು ಸೇರುವುದು ಮನುಷ್ಯನ ಹಿತ್ತಲಿನಲ್ಲಿ, ಮನುಷ್ಯನ ಅಜಾಗರೂಕತೆಯಿಂದ ಅಥವಾ ಆಸೆಯಿಂದ.

ಹೀಗೆ ಬೇರೆ ಬೇರೆ ಪ್ರಭೇದದ ಆಮೆಗಳನ್ನು ಕೂಡಿಸಿ, ಎಲ್ಲಿಯೂ ಇಲ್ಲದ ಚಿಪ್ಪಿನ ಚಿತ್ತಾರವಿರುವ ಮರಿಯನ್ನು ಪಡೆಯುವವರು ಅಮೆರಿಕ ಮತ್ತು ಯೂರೋಪಿನ ಸಾಕಣೆದಾರರಲ್ಲಿ ಇದ್ದಾರೆ. ಇದು ನಿಷಿದ್ಧವೆಂದು ಹಲ್ಲು ಕಡಿಯುವವರು ಅದೇ ಸಾಕಣೆದಾರರ ನಡುವೆ ಇನ್ನೂ ಹೆಚ್ಚು.

ಕೈಸ್ತರಾದ ನಮಗೆ ಮೊದಲು ಹೊಳೆಯುವ ಉತ್ತರ ಯಾವುದು? ದೇವರು ಪ್ರತಿಯೊಂದು ಜೀವಿಯನ್ನೂ ಅದರದರ ಜಾತಿಗೆ ತಕ್ಕಂತೆ ಸೃಷ್ಟಿಸಿದನು, ಅದನ್ನು ಕಲಸುವ ಅಧಿಕಾರ ಮಾನವನಿಗಿಲ್ಲ ಎಂಬುದು. ಯಾಜಕಕಾಂಡದಲ್ಲಿ ಬೇರೆ ಬೇರೆ ಜಾತಿಯ ಪಶುಗಳನ್ನು ಕೂಡಿಸಬಾರದೆಂಬ ನಿಯಮವೂ ಇದೆ. ನನಗೂ ಅದೇ ಮೊದಲು ನೆನಪಾದದ್ದು. ಆದರೆ ಅದೇ ಬೈಬಲಿನಲ್ಲಿ ದಾವೀದ ಅರಸನು ಹೇಸರಗತ್ತೆಯನ್ನು ಏರುತ್ತಿದ್ದನು. ಸೊಲೊಮೋನನನ್ನು ಪಟ್ಟಕ್ಕೆ ಏರಿಸುವ ದಿನ ತಂದೆಯ ಆ ಹೇಸರಗತ್ತೆಯ ಮೇಲೆಯೇ ಕುಳ್ಳಿರಿಸಿ ಮೆರವಣಿಗೆ ಮಾಡಿಸಿದರು. ಹೇಸರಗತ್ತೆಯೆಂದರೆ ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟಿದ ಬೆರಕೆಯಲ್ಲದೆ ಮತ್ತೇನು? ಇಸ್ರಯೇಲರು ತಾವೇ ಕೂಡಿಸದೆ ಹೊರಗಿನಿಂದ ಕೊಂಡು ತಂದಿರಬಹುದೆಂದು ವ್ಯಾಖ್ಯಾನಕಾರರು ಹೇಳುವುದುಂಟು. ಅದು ನಿಜವಾದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಹುಟ್ಟಿಸುವುದು ತಪ್ಪು, ಕೊಳ್ಳುವುದು ಸರಿ ಎನ್ನಲು ಬರುತ್ತದೆಯೇ? ಅದೇ ವಾಕ್ಯದಲ್ಲಿ ಎರಡು ಬಗೆಯ ನೂಲಿನ ಬಟ್ಟೆಯನ್ನೂ ನಿಷೇಧಿಸಲಾಗಿದೆ ಎಂಬುದನ್ನೂ ಮರೆಯಬಾರದು. ಭಾನುವಾರದ ಪೂಜೆಗೆ ಟೆರಿಕಾಟನ್ ಅಂಗಿ ತೊಟ್ಟು ಬರುವ ನಾವು ಒಂದನ್ನು ಹಿಡಿದು ಮತ್ತೊಂದನ್ನು ಬಿಡಲಾಗದು.

ನಿಸರ್ಗದ ಸಾಕ್ಷ್ಯವೂ ಆ ಉತ್ತರಕ್ಕೆ ಪೂರಾ ಒದಗುವುದಿಲ್ಲ. ಬ್ರೆಜಿಲ್ ದೇಶದ ಕರಾವಳಿಯಲ್ಲಿ ಎರಡು ಪ್ರಭೇದದ ಕಡಲಾಮೆಗಳು ತಾವಾಗಿಯೇ ಬೆರೆತು ಮರಿ ಹಾಕಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ನಮ್ಮ ಒಕ್ಕಲುತನವಂತೂ ಬೆರಕೆಯ ಮೇಲೆಯೇ ನಿಂತಿದೆ. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ 'ವರಲಕ್ಷ್ಮಿ' ತಳಿಯನ್ನು ಹೊರತಂದಾಗ ಯಾವ ರೈತನೂ ಅದನ್ನು ಪಾಪವೆನ್ನಲಿಲ್ಲ. ನಿಮ್ಮ ಮನೆಗೆ ಬೆಳಗ್ಗೆ ಬರುವ ಹಾಲು ಸೀಮೆಹಸುವಿನದೇ ಆಗಿರುವ ಸಂಭವವೇ ಹೆಚ್ಚು. ಹಳ್ಳಿಕಾರ್, ಅಮೃತಮಹಲ್ ತಳಿಗಳು ಕ್ಷೀಣಿಸುತ್ತಿರುವುದರ ಬಗ್ಗೆ ನಮಗೆ ವ್ಯಥೆಯಿರಬಹುದು, ಆದರೆ ಕೊಟ್ಟಿಗೆಯಲ್ಲಿರುವ ಬೆರಕೆಯ ಕರುವನ್ನು ಕಂಡು ಯಾರೂ ಮುಖ ಸಿಂಡರಿಸುವುದಿಲ್ಲ.

ಇಲ್ಲಿ ನಾನು ತುಸು ಆಚೆ ಸರಿದು ಒಂದು ಮಾತನ್ನು ಹೇಳಲೇಬೇಕು. ನಮ್ಮ ಕನ್ನಡದಲ್ಲಿ 'ಜಾತಿ' ಎಂಬ ಒಂದೇ ಶಬ್ದ ಎರಡು ಕೆಲಸ ಮಾಡುತ್ತದೆ. ಆಮೆಯ ಜಾತಿಯೂ ಜಾತಿಯೇ, ಮನುಷ್ಯನ ಜಾತಿಯೂ ಜಾತಿಯೇ. 'ಬೆರಕೆ' ಎಂಬುದೂ ಹಾಗೆಯೇ. ನನ್ನ ಚಿಕ್ಕಪ್ಪನ ಮಗಳು ಬೇರೊಂದು ಸಮುದಾಯದ, ಆದರೆ ನಮ್ಮದೇ ಧರ್ಮಕೇಂದ್ರದ ಯುವಕನನ್ನು ವರಿಸಿದಳು. ಮದುವೆಯ ನಂತರದ ವರ್ಷ ಮಗುವಿನ ಜ್ಞಾನಸ್ನಾನದ ದಿನ ದೇವಾಲಯದ ಅಂಗಳದಲ್ಲಿ ನಿಂತಿದ್ದ ಹಿರಿಯರೊಬ್ಬರ ಬಾಯಿಂದ ಆ ಶಬ್ದ ಬಂದಿತು. ಮೆಲುದನಿಯಲ್ಲಿ ಹೇಳಿದ್ದರು, ಆದರೆ ಅವಳಿಗೆ ಕೇಳಿಸಿತು. ಜ್ಞಾನಸ್ನಾನದ ನೀರು ಮಗುವಿನ ಹಣೆಯ ಮೇಲೆ ಇನ್ನೂ ಆರಿರಲಿಲ್ಲ. ಆ ದಿನದಿಂದ 'ಶುದ್ಧ' ಮತ್ತು 'ಬೆರಕೆ' ಎಂಬ ಶಬ್ದಗಳನ್ನು ಯಾರಾದರೂ ನೈತಿಕ ತೀರ್ಪಿನ ದನಿಯಲ್ಲಿ ಉಚ್ಚರಿಸಿದರೆ ನನ್ನ ಮೈ ಬಿಗಿಯುತ್ತದೆ. ಮನುಷ್ಯರೆಲ್ಲರೂ ಒಂದೇ ಜಾತಿ. ಆಮೆಯ ಪ್ರಭೇದಗಳ ನಡುವಿನ ಅಂತರಕ್ಕೂ ನಮ್ಮ ಕುಲಗೋತ್ರಗಳ ಕಟ್ಟುಕಥೆಗೂ ಯಾವ ಹೋಲಿಕೆಯೂ ಇಲ್ಲ ಎಂಬುದನ್ನು ನಾನು ಬಲ್ಲೆ, ತರಗತಿಯಲ್ಲಿ ಅದನ್ನು ಕಲಿಸಿಯೂ ಇದ್ದೇನೆ. ಆದರೂ ಆಮೆಯ ವಿಷಯದಲ್ಲಿ ರಕ್ತಶುದ್ಧಿಯ ವಾದವನ್ನು ನಾನು ಬಳಸಲಾರೆ. ಬಳಸಿದರೆ ನಾಳೆ ಅದೇ ವಾದ ಅಂಗಳದ ಆ ಹಿರಿಯರ ಬಾಯಿಗೆ ಹೋಗಿ ಸೇರುತ್ತದೆ.

ಹಾಗಾದರೆ ಅಕ್ಕನ ಮಗನ ಹಿತ್ತಲಿನಲ್ಲಿ ನಡೆದದ್ದರಲ್ಲಿ ತಪ್ಪೇ ಇಲ್ಲವೇ? ಇದೆ ಎಂದು ನನ್ನ ಅನಿಸಿಕೆ. ಅದನ್ನು ಬೆರಕೆಯಲ್ಲಿ ಹುಡುಕಬಾರದು, ಬೇರೆಡೆ ಹುಡುಕಬೇಕು.

ಮರಿಯ ದೇಹದಿಂದಲೇ ಪ್ರಾರಂಭಿಸೋಣ. ಸುಲ್ಕಾಟಾ ಮರಿಗೆ ಏನು ಬೇಕು, ಲೆಪರ್ಡ್ ಮರಿಗೆ ಏನು ಬೇಕು ಎಂಬುದನ್ನು ಸಾಕಿದವರು ದಶಕಗಳ ಅನುಭವದಿಂದ ಕಲಿತಿದ್ದಾರೆ. ಎರಡೂ ಸೇರಿದ ಮರಿಗೆ ಏನು ಬೇಕು? ಅದು ಬಿಲ ತೋಡುವುದೇ, ಪೊದೆಯಲ್ಲಿ ಅಡಗುವುದೇ? 15 ಕಿಲೋ ಆಗುವುದೇ, 50 ಕಿಲೋ ಆಗುವುದೇ? ಮುಂಚಿತವಾಗಿ ಹೇಳಲಾಗದು. ಸೀಮೆಹಸುವನ್ನು ತರುವಾಗ ಅದರ ಮೇವು, ರೋಗ, ಔಷಧ ಎಲ್ಲವನ್ನೂ ತಿಳಿದ ಪಶುವೈದ್ಯರು ಹೋಬಳಿಗೊಬ್ಬರಾದರೂ ಇದ್ದಾರೆ. ಈ ಮರಿಗೆ ಅಂಥವರಿಲ್ಲ. ಅದರ ಮೇಲೆ ನಡೆಯುವ ಪ್ರತಿಯೊಂದು ಆರೈಕೆಯೂ ಒಂದು ಪ್ರಯೋಗವೇ. ತಾಯಿಯ ಪಾಡನ್ನೂ ನೆನೆಯಬೇಕು. ಹಲವು ಪಟ್ಟು ಭಾರದ, ಗುದ್ದಾಡುವ ಸ್ವಭಾವದ ಗಂಡಿನೊಂದಿಗೆ ಒಂದೇ ಬೇಲಿಯೊಳಗೆ ಅದನ್ನು ಕೂಡಿಹಾಕಲಾಗಿತ್ತು, ಓಡಿಹೋಗಲು ಹುಲ್ಲುಗಾವಲಿರಲಿಲ್ಲ.

ಎರಡನೆಯದು ಆಯುಸ್ಸು. ಕೋಲ್ಕತ್ತದ ಆಲಿಪುರ ಮೃಗಾಲಯದಲ್ಲಿ 'ಅದ್ವೈತ' ಎಂಬ ದೈತ್ಯ ಆಮೆ 2006ರಲ್ಲಿ ಸತ್ತಾಗ ಅದಕ್ಕೆ ನೂರೈವತ್ತಕ್ಕೂ ಹೆಚ್ಚು ವರ್ಷವಾಗಿತ್ತೆಂದು ಅಂದಾಜು ಮಾಡಿದ್ದರು. ಸುಲ್ಕಾಟಾ ಅಷ್ಟು ಬದುಕದಿದ್ದರೂ ಎಪ್ಪತ್ತು ವರ್ಷ ಅದಕ್ಕೆ ಹೆಚ್ಚಲ್ಲ. ಅಂಗಡಿಯಲ್ಲಿ ಅಂಗೈಯಗಲದ ಮುದ್ದಾದ ಮರಿಯನ್ನು ಕೊಂಡ ಅಮೆರಿಕದ ಎಷ್ಟೋ ಕುಟುಂಬಗಳು ಹತ್ತು ಹದಿನೈದು ವರ್ಷಗಳಲ್ಲಿ ಅದು ಬಾಗಿಲಿಗೆ ಗುದ್ದಿ ಒಳನುಗ್ಗುವಷ್ಟು ಬೆಳೆದಾಗ ಕೈಚೆಲ್ಲುತ್ತವೆ. ಅರಿಜೋನಾ, ಕ್ಯಾಲಿಫೋರ್ನಿಯಾಗಳ ಪ್ರಾಣಿ ಆಶ್ರಯಧಾಮಗಳು ಇಂತಹ ಬೇಡವಾದ ಸುಲ್ಕಾಟಾಗಳಿಂದ ತುಂಬಿವೆ. ಶುದ್ಧ ತಳಿಗೇ ಮನೆ ಸಿಗದಿರುವಲ್ಲಿ, ಹೇಗೆ ಬೆಳೆಯುವುದೆಂದೇ ತಿಳಿಯದ ಬೆರಕೆ ಮರಿಯನ್ನು ಯಾರು ಎಪ್ಪತ್ತು ವರ್ಷ ಸಾಕುತ್ತಾರೆ? ನನ್ನ ಅಕ್ಕನ ಮಗನಿಗೆ ಆಗಲೇ 41 ವರ್ಷ.

ಇದನ್ನು ಫೋನಿನಲ್ಲಿ ಹೇಳಿದಾಗ ಅವನು ಒಂದು ಜಾಣ ಮಾತನ್ನು ಮುಂದಿಟ್ಟನು. "ಮಾಮ, ಈ ಎರಡು ಆಮೆಗಳು ಸೇರದಿದ್ದರೆ ಆ ಮರಿ ಹುಟ್ಟುತ್ತಲೇ ಇರಲಿಲ್ಲ. ಅದರ ಬದುಕು ತುಸು ಕಷ್ಟದ್ದಾದರೂ ಬದುಕೇ ಇಲ್ಲದಿರುವುದಕ್ಕಿಂತ ಮೇಲಲ್ಲವೇ? ಅದಕ್ಕೆ ಆದ ನಷ್ಟವೇನು?" ಪ್ರಿಯ ಓದುಗರೇ, ಈ ವಾದವನ್ನು ಹಗುರವಾಗಿ ತಳ್ಳಬೇಡಿ. ಪಾಶ್ಚಾತ್ಯ ತತ್ವಶಾಸ್ತ್ರಜ್ಞರು, ಅದರಲ್ಲಿಯೂ ಇಂಗ್ಲೆಂಡಿನ ಡೆರೆಕ್ ಪಾರ್ಫಿಟ್ ಅವರು, ಇನ್ನೂ ಹುಟ್ಟದ ಮಾನವರ ವಿಷಯದಲ್ಲಿ ಇದೇ ಸಿಕ್ಕನ್ನು 1984ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬಿಡಿಸಲು ಹೆಣಗಿದ್ದಾರೆ. ಹುಟ್ಟದೇ ಇದ್ದವನಿಗೆ ಅನ್ಯಾಯವಾಯಿತೆನ್ನಲು ಬರುವುದಿಲ್ಲ. ಹುಟ್ಟಿದವನಿಗೆ ಬೇರೊಂದು ಬದುಕು ಸಾಧ್ಯವೇ ಇರಲಿಲ್ಲ. ಹಾಗಿದ್ದರೆ ದೂರುವವರು ಯಾರು?

ನಾನು ಮೂರು ದಿನ ಇದನ್ನೇ ಯೋಚಿಸಿದೆ. ಕೊನೆಗೆ ನನಗೆ ಹೊಳೆದದ್ದು ನಮ್ಮ ಮನೆಗಳ ಅತಿಥಿಸತ್ಕಾರ. ಒಬ್ಬನು ದಾರಿಹೋಕನನ್ನು ಊಟಕ್ಕೆ ಕರೆದು, ಎಲೆಯ ಮುಂದೆ ಕುಳ್ಳಿರಿಸಿ, ಅರ್ಧ ಸೌಟು ಗಂಜಿ ಬಡಿಸಿ, "ನಾನು ಕರೆಯದಿದ್ದರೆ ಇದೂ ಇರಲಿಲ್ಲವಲ್ಲ" ಎಂದರೆ ನೀವು ಏನೆನ್ನುವಿರಿ? ಲೆಕ್ಕದ ಪ್ರಕಾರ ಅವನು ಹೇಳಿದ್ದು ಸರಿ. ದಾರಿಹೋಕನಿಗೆ ನಷ್ಟವಾಗಿಲ್ಲ. ಆದರೂ ಆ ಮನೆಯ ಯಜಮಾನನು ತಲೆತಗ್ಗಿಸುವ ಕೆಲಸ ಮಾಡಿದನು. ಕರೆದವನಿಗೆ ಬಡಿಸುವ ಹೊಣೆ ಕರೆದುದರಿಂದಲೇ ಬಂದಿತು. ಒಂದು ಜೀವವನ್ನು ಇರವಿಗೆ ಕರೆಯುವುದು ಇದಕ್ಕಿಂತ ದೊಡ್ಡ ಕರೆ. ಹುಟ್ಟುವ ಮೊದಲು ಮರಿಗೆ ಯಾವ ಹಕ್ಕೂ ಇಲ್ಲದಿರಬಹುದು. ಆದರೆ ಹುಟ್ಟಿಸುವವನು ಹುಟ್ಟಿಸುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾದವನು: ನಾನು ಇದನ್ನು ಯಾತಕ್ಕಾಗಿ ಕರೆಯುತ್ತಿದ್ದೇನೆ? ಹಾಲಿಗಾಗಿ ಹಸುವನ್ನು ಕರೆದವನು ಹಸುವಿಗೆ ಕೊಡುವ ಉತ್ತರ ಪೂರ್ಣ ಸಮಾಧಾನಕರವಲ್ಲದಿದ್ದರೂ ಒಂದು ಉತ್ತರವಾದರೂ ಹೌದು. ಮಕ್ಕಳಿಗೆ ಹಾಲು ಬೇಕಾಗಿತ್ತು. ಚಿಪ್ಪಿನ ಮೇಲೆ ಯಾರ ಹಿತ್ತಲಿನಲ್ಲಿಯೂ ಇಲ್ಲದ ಚುಕ್ಕೆಗಳನ್ನು ಕಾಣುವುದಕ್ಕಾಗಿ ಒಂದು ಜೀವವನ್ನು ಎಪ್ಪತ್ತು ವರ್ಷಗಳ ಅನಿಶ್ಚಿತ ಬದುಕಿಗೆ ಕರೆದೆ ಎಂದು ಹೇಳಲು ನಾಲಿಗೆ ತಡವರಿಸುವುದಿಲ್ಲವೇ?

ಇನ್ನು ಸತ್ಯದ ಪ್ರಶ್ನೆ. ಇಲ್ಲಿ ಒಂದು ನಿಜವಾದ ಕಥೆಯನ್ನು ಹೇಳುತ್ತೇನೆ. 1991ರಲ್ಲಿ ವಿಜ್ಞಾನಿಗಳು ಚೀನಾದ ಒಂದು ಆಮೆಯನ್ನು ಹೊಸ ಪ್ರಭೇದವೆಂದು ಪ್ರಕಟಿಸಿ, ಅಮೆರಿಕದ ಆಮೆತಜ್ಞ ಜಾನ್ ಐವರ್ಸನ್ ಅವರ ಗೌರವಾರ್ಥ ಅದಕ್ಕೆ 'ಐವರ್ಸೋನಿ' ಎಂಬ ಹೆಸರಿಟ್ಟರು. ಮಾದರಿಗಳು ಬಂದದ್ದು ಪ್ರಾಣಿವ್ಯಾಪಾರದ ದಾರಿಯಿಂದ. ಹತ್ತು ವರ್ಷಗಳ ನಂತರ, 2001ರಲ್ಲಿ, ವಂಶವಾಹಿಗಳನ್ನು ಪರೀಕ್ಷಿಸಿದಾಗ ಅದು ಪ್ರಭೇದವೇ ಅಲ್ಲವೆಂದು ತಿಳಿಯಿತು. ಬಹಳ ಬೆಲೆಬಾಳುವ ಮೂರು ಪಟ್ಟೆಯ ಪೆಟ್ಟಿಗೆ ಆಮೆಗೂ ಹಳದಿ ಕೊಳದಾಮೆಗೂ ಹುಟ್ಟಿದ ಬೆರಕೆ ಅದಾಗಿತ್ತು. ಚೀನಾದ ಆಮೆ ಸಾಕಣೆ ಕೇಂದ್ರಗಳಲ್ಲಿ ಅಂಥವು ಹುಟ್ಟುತ್ತಿದ್ದವು. ಅದೇ ಬಗೆಯಲ್ಲಿ ಇನ್ನೂ ಕೆಲವು 'ಹೊಸ' ಆಮೆಗಳು ಪಟ್ಟಿಯಿಂದ ಅಳಿಸಿಹೋದವು. ಪ್ರಾಣಿಗಳಿಗೆ ಹೆಸರಿಡುವ ಕೆಲಸವನ್ನು ಆದಿಮಾನವನಿಗೆ ದೇವರು ವಹಿಸಿದನೆಂದು ಆದಿಕಾಂಡ ಹೇಳುತ್ತದೆ. ಆ ಕೆಲಸದಲ್ಲಿ ತಜ್ಞರೇ ಮೋಸಹೋದರೆ, ಅಂಗಡಿಯಲ್ಲಿ ಮರಿ ಕೊಳ್ಳುವ ಸಾಮಾನ್ಯನ ಗತಿಯೇನು? ಬೆರಕೆ ಮರಿಯನ್ನು ಹುಟ್ಟಿಸಿದವನು ಪ್ರಾಮಾಣಿಕನೇ ಇರಬಹುದು. ಅವನಿಂದ ಕೊಂಡವನು ಮಾರುವಾಗ ಅರ್ಧ ಹೇಳುತ್ತಾನೆ, ಅವನಿಂದ ಕೊಂಡವನಿಗೆ ಏನೂ ಗೊತ್ತಿರುವುದಿಲ್ಲ. ಎಪ್ಪತ್ತು ವರ್ಷ ಬದುಕುವ ಪ್ರಾಣಿ ಕೈಯಿಂದ ಕೈಗೆ ದಾಟುವಾಗ ಸತ್ಯ ಅಷ್ಟು ದಿನ ಬದುಕುವುದಿಲ್ಲ.

ಸಾಕಣೆದಾರರಲ್ಲಿ ಬೆರಕೆಯನ್ನು ವಿರೋಧಿಸುವವರು ಮುಖ್ಯವಾಗಿ ಹೇಳುವ ಕಾರಣ ಪ್ರಭೇದದ ರಕ್ಷಣೆ. ಸುಲ್ಕಾಟಾ ತನ್ನ ತವರಿನಲ್ಲಿ ಅಳಿವಿನಂಚಿನಲ್ಲಿದೆ. ಕಾಡಿನಿಂದ ಹಿಡಿದವುಗಳನ್ನು ವ್ಯಾಪಾರಕ್ಕಾಗಿ ರಫ್ತು ಮಾಡುವುದನ್ನು 2000ದಲ್ಲಿಯೇ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ತಡೆಯಲಾಯಿತು. ಆದ್ದರಿಂದ ಹಿತ್ತಲುಗಳಲ್ಲಿರುವ ಸುಲ್ಕಾಟಾಗಳೇ ನೋಹನ ನಾವೆ, ಅದರಲ್ಲಿ ಬೆರಕೆ ಸೇರಬಾರದು ಎಂಬುದು ಅವರ ವಾದ. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಯಾವ ದೇಶದ ಯಾವ ಮೂಲೆಯಿಂದ ಪೂರ್ವಜರು ಬಂದರೆಂಬ ದಾಖಲೆಯೇ ಇಲ್ಲದ ಹಿತ್ತಲಿನ ಆಮೆಗಳು ಸಹಾರಾದಂಚಿಗೆ ಮರಳುವ ಸಂಭವ ತೀರ ಕಡಿಮೆ. ತಮ್ಮ ಹವ್ಯಾಸಕ್ಕೆ ನೋಹನ ಹೆಸರಿಡುವುದು ಸುಲಭ. ನೋಹನು ಮಾತ್ರ ಮರಿಗಳನ್ನು ಮಾರಿರಲಿಲ್ಲ.

ಈ ಶುದ್ಧಿವಾದಿಗಳು ಗಲಾಪಗೋಸ್ ದ್ವೀಪಗಳ ಕಥೆಯನ್ನು ಕೇಳಬೇಕು. ಹಿಂದಿನ ಶತಮಾನಗಳಲ್ಲಿ ತಿಮಿಂಗಿಲ ಬೇಟೆಯ ಹಡಗುಗಳು ಅಲ್ಲಿನ ದೈತ್ಯ ಆಮೆಗಳನ್ನು ಲಕ್ಷಕ್ಕೂ ಮಿಕ್ಕಿ ಹೊತ್ತೊಯ್ದವು. ಮೇವು ನೀರಿಲ್ಲದೆ ತಿಂಗಳುಗಟ್ಟಲೆ ಹಡಗಿನ ತಳದಲ್ಲಿ ಜೀವಂತವಾಗಿರುವ ಆಮೆ ನಾವಿಕರಿಗೆ ತಾಜಾ ಮಾಂಸದ ಉಗ್ರಾಣವಾಗಿತ್ತು. ಡಾರ್ವಿನ್ 1835ರಲ್ಲಿ ಭೇಟಿಕೊಟ್ಟ ಫ್ಲೋರಿಯಾನಾ ದ್ವೀಪದ ಆಮೆಗಳು ಕೆಲವೇ ದಶಕಗಳಲ್ಲಿ ನಿರ್ನಾಮವಾದವು. ನೂರೈವತ್ತು ವರ್ಷಗಳ ನಂತರ ಇಸಾಬೆಲಾ ದ್ವೀಪದ ವುಲ್ಫ್ ಜ್ವಾಲಾಮುಖಿಯ ಇಳಿಜಾರಿನಲ್ಲಿ ಓಡಾಡುತ್ತಿದ್ದ ಕೆಲವು ಆಮೆಗಳ ರಕ್ತ ಪರೀಕ್ಷಿಸಿದಾಗ ಅವುಗಳಲ್ಲಿ ಫ್ಲೋರಿಯಾನಾದ ವಂಶವಾಹಿಗಳು ಕಂಡುಬಂದವು. ಎಂದೋ ಹಡಗಿನಿಂದ ಅಲ್ಲಿ ಬಿಟ್ಟುಹೋದ ಆಮೆಗಳು ಸ್ಥಳೀಯ ಆಮೆಗಳೊಂದಿಗೆ ಬೆರೆತಿದ್ದವು. ಕಳೆದುಹೋದದ್ದನ್ನು ಕಾಪಾಡಿ ಇಟ್ಟದ್ದು ಬೆರಕೆಯ ಮಕ್ಕಳು! 2015ರಲ್ಲಿ ಅಂತಹ ಕೆಲವು ಆಮೆಗಳನ್ನು ಆರಿಸಿ ಸಾಂತಾಕ್ರೂಸ್ ದ್ವೀಪಕ್ಕೆ ತಂದರು. 2017ರಿಂದ ಅವುಗಳ ಸಂತತಿಯನ್ನು ಫ್ಲೋರಿಯಾನಾಕ್ಕೆ ಮರಳಿಸುವ ಗುರಿಯಿಟ್ಟು ಮರಿ ಮಾಡಿಸತೊಡಗಿದರು.

ಅದೇ ದ್ವೀಪಸಮೂಹದ ಪಿಂಟಾದಲ್ಲಿ ನಡೆದದ್ದು ನನ್ನನ್ನು ಇನ್ನೂ ಹೆಚ್ಚು ಕಲಕಿತು. ಪಿಂಟಾದ ಕಟ್ಟಕಡೆಯ ಆಮೆ, 'ಒಂಟಿ ಜಾರ್ಜ್' ಎಂದು ಜಗತ್ತು ಕರೆದ ಪ್ರಾಣಿ, 1971ರಲ್ಲಿ ಕಣ್ಣಿಗೆ ಬಿದ್ದಿತು. ಅದರ ವಂಶ ಉಳಿಸಲು ಬೇರೆ ದ್ವೀಪದ ಹೆಣ್ಣುಗಳನ್ನು ಜೊತೆಗಿರಿಸಿದರು. ಅಂದರೆ ಬೆರಕೆಯಾದರೂ ಆಗಲಿ ಎಂದು ವಿಜ್ಞಾನಿಗಳೇ ಹಾರೈಸಿದರು. ಮೊಟ್ಟೆಗಳು ಫಲಿಸಲಿಲ್ಲ. 2012ರ ಜೂನ್ 24ರಂದು ಅದು ಸತ್ತಿತು. ಅದಕ್ಕೆ ಎರಡು ವರ್ಷ ಮೊದಲು, ಆಮೆಗಳಿಲ್ಲದೆ ಗಿಡಗಂಟಿ ಬೆಳೆದು ಕೆಡುತ್ತಿದ್ದ ಪಿಂಟಾ ದ್ವೀಪಕ್ಕೆ 39 ಬೆರಕೆ ಆಮೆಗಳನ್ನು ಬಿಟ್ಟಿದ್ದರು. ಸೆರೆಯಲ್ಲಿದ್ದವು, ಯಾವ ದ್ವೀಪಕ್ಕೂ ಪೂರ್ತಿ ಸೇರದವು. ಅವು ಮರಿ ಹಾಕದಂತೆ ಶಸ್ತ್ರಚಿಕಿತ್ಸೆ ಮಾಡಿದ್ದರು. ಗಿಡ ಮೇಯುವುದು, ಬೀಜ ಹರಡುವುದು, ದಾರಿ ಮಾಡುವುದು ಅವುಗಳ ಕೆಲಸ. ಎಲ್ಲಿಯೂ ಸಲ್ಲದವೆಂದು ಕೂಡಿಹಾಕಿದ್ದವಕ್ಕೆ ಒಂದು ಇಡೀ ದ್ವೀಪವನ್ನು ಒಪ್ಪಿಸಲಾಯಿತು. ಇಲ್ಲಿ ಬೆರಕೆಯನ್ನು ಯಾರೂ ಹೊಗಳಲಿಲ್ಲ, ಅದು ಹೆಚ್ಚಲೆಂದು ಬಯಸಲಿಲ್ಲ. ಆದರೆ ಹುಟ್ಟಿದವುಗಳನ್ನು ಹೀಗಳೆಯಲೂ ಇಲ್ಲ. ಈ ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಅಷ್ಟು ಸುಲಭವಾಗಿ ಕಂಡುಬರುವುದಿಲ್ಲ.

ಇಷ್ಟು ಹೊತ್ತು ಅಕ್ಕನ ಮಗನ ತಪ್ಪನ್ನು ತೂಗಿದೆ. ಈಗ ನನ್ನದು.

ನಾನು ಕೋಲಾರದ ಕಡೆಯವನು. ನಮ್ಮ ಮನೆಯ ಉಗ್ರಾಣದಲ್ಲಿ ಒಂದು ನಕ್ಷತ್ರ ಆಮೆ ಇತ್ತು. ಅದು ಮನೆಯಲ್ಲಿದ್ದರೆ ಸಿರಿ ಎಂಬ ನಂಬಿಕೆ ನಮ್ಮ ಸುತ್ತಿನಲ್ಲಿ ಎಲ್ಲ ಧರ್ಮದವರಿಗೂ ಇತ್ತು, ಜಪಮಾಲೆ ಹಿಡಿದವರಿಗೂ ಇತ್ತು. ನನ್ನ ತಂದೆ ಅದನ್ನು ಹೊಲದ ಬದುವಿನಿಂದ ತರಲಿಲ್ಲ, ಬೆಂಗಳೂರಿನ ಸಂತೆಯಲ್ಲಿ ಪಕ್ಷಿ ಮಾರುವವನೊಬ್ಬನಿಂದ ಕೊಂಡು ತಂದಿದ್ದರು. ಅನ್ನ, ಟೊಮೇಟೊ ತಿಂದು ಅದರ ಚಿಪ್ಪು ಗುಬುಟು ಗುಬುಟಾಗಿ ಎದ್ದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಸಾಕುವುದು ಅಪರಾಧವೆಂದು ಕಾಲೇಜಿನಲ್ಲಿ ಓದಿದ ಮೇಲೆ ನನಗೆ ನಾಚಿಕೆಯಾಯಿತು. 1983ರ ಬೇಸಿಗೆಯಲ್ಲಿ ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಊರಿನಿಂದ ದೂರದ ಕುರುಚಲು ಕಾಡಿನಲ್ಲಿ ಬಿಟ್ಟು ಬಂದೆ. ಪುಣ್ಯದ ಕೆಲಸವೆಂದು ಭಾವಿಸಿ ಬಹಳ ವರ್ಷ ಹೆಮ್ಮೆಪಟ್ಟೆ. ತರಗತಿಯಲ್ಲಿ ಮಕ್ಕಳಿಗೆ ಹೇಳಿಯೂ ಇದ್ದೆ.

ನಕ್ಷತ್ರ ಆಮೆಗಳು ದಕ್ಷಿಣ ಭಾರತದಲ್ಲಿವೆ, ಗುಜರಾತ್ ರಾಜಸ್ಥಾನಗಳ ಕಡೆಯಲ್ಲಿವೆ, ಶ್ರೀಲಂಕೆಯಲ್ಲಿವೆ. ನೋಡಲು ಒಂದೇ, ಆದರೆ ವಾಯವ್ಯದ ಗುಂಪೂ ದಕ್ಷಿಣದ ಗುಂಪೂ ವಂಶವಾಹಿಗಳಲ್ಲಿ ಬೇರೆಯೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ಆಮೆಗಳನ್ನು ಮೂಲ ತಿಳಿಯದೆ ಎಲ್ಲೆಂದರಲ್ಲಿ ಬಿಟ್ಟರೆ ರೋಗವೂ ಹರಡಬಹುದು, ಸಾವಿರಾರು ವರ್ಷ ಬೇರೆಯಾಗಿ ಬೆಳೆದ ಗುಂಪುಗಳು ಕಲೆತೂ ಹೋಗಬಹುದು ಎಂದು ತಜ್ಞರು ಎಚ್ಚರಿಸುತ್ತಾರೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ಬೆಂಗಳೂರಿಗೆ ಮರಳಿ ತಂದಾಗ ಅವುಗಳನ್ನು ನೇರವಾಗಿ ಕಾಡಿಗೆ ಬಿಡಲಿಲ್ಲ. ಮೊದಲು ಪ್ರತ್ಯೇಕವಾಗಿಟ್ಟು ಆರೈಕೆ ಮಾಡಿದರು. ಸಂತೆಯಲ್ಲಿ ಕೊಂಡ ನನ್ನ ಆಮೆ ಗುಜರಾತಿನದೋ, ಆಂಧ್ರದದೋ ನನಗೆ ಗೊತ್ತಿರಲಿಲ್ಲ, ಕೇಳಬೇಕೆಂದು ತೋಚಲೂ ಇಲ್ಲ. ಅದು ಬದುಕಿದ್ದರೆ ಆ ಕಾಡಿನಲ್ಲಿ ಅದರ ಮೊಮ್ಮಕ್ಕಳಿರಬಹುದು. ಹಣಕ್ಕಾಗಿ ಬೆರಕೆ ಮಾಡಿಸುವವನನ್ನು ದೂರುವ ನಾನು, ಪುಣ್ಯದ ಹೆಸರಿನಲ್ಲಿ ಅದನ್ನೇ ಮಾಡಿದೆನೋ ಏನೋ. ಅವನಿಗಾದರೂ ಮರಿಗಳ ತಂದೆತಾಯಿ ಯಾರೆಂದು ಗೊತ್ತು.

ಇದನ್ನೆಲ್ಲ ಬರೆದ ದೀರ್ಘ ಪತ್ರವನ್ನು ಕಳುಹಿಸುವ ಹೊತ್ತಿಗೆ ಪಾಸ್ಕಹಬ್ಬ ಹತ್ತಿರ ಬಂದಿತ್ತು. ಮೊಟ್ಟೆ ಎಸೆಯುವುದು ಪಾಪವೇ ಎಂಬ ಅವನ ನೇರ ಪ್ರಶ್ನೆಗೆ ಮೊದಲು ಉತ್ತರಿಸಿದೆ. ಆಮೆಯ ಮೊಟ್ಟೆಯನ್ನು ಮಾನವ ಭ್ರೂಣದೊಂದಿಗೆ ಸಮವಾಗಿ ತೂಗಬೇಡ. ಧರ್ಮೋಪದೇಶಕಾಂಡದ ನಿಯಮ ಗೂಡಿನ ಮೊಟ್ಟೆಯನ್ನು ತೆಗೆದುಕೊಳ್ಳಲು ಅನುಮತಿಸುತ್ತದೆ, ತಾಯಿಹಕ್ಕಿಯನ್ನು ಹಿಡಿಯಲು ಬಿಡುವುದಿಲ್ಲ. ಇಟ್ಟ ದಿನವೇ ಮೊಟ್ಟೆಗಳನ್ನು ತೆಗೆದುಬಿಟ್ಟಿದ್ದರೆ ನಾನು ಅದನ್ನು ತಪ್ಪೆನ್ನುತ್ತಿರಲಿಲ್ಲ. ಮುಂದಿನ ಬಾರಿ ಇಟ್ಟರೆ ಹಾಗೆಯೇ ಮಾಡು. ಆದರೆ ಇವು ಶಾಖದ ಪೆಟ್ಟಿಗೆಯಲ್ಲಿದ್ದು ಎರಡು ತಿಂಗಳಾಗಿವೆ. ಹಿಂದಿನಿಂದ ಟಾರ್ಚ್ ಹಿಡಿದಾಗ ಒಂಬತ್ತರಲ್ಲಿ ಕೆಂಪು ನರಗಳು ಕಂಡವೆಂದು ನೀನೇ ಹೇಳಿದ್ದೀಯ. ನೀನು ಕರೆದಿದ್ದೀಯ, ಅವು ಹೊರಟಿವೆ. ಇವುಗಳನ್ನು ಹುಟ್ಟಲು ಬಿಡು, ಒಂದನ್ನೂ ಮಾರಬೇಡ, ಇಂದೇ ಗೋಡೆ ಕಟ್ಟಿ ದೊಡ್ಡವೆರಡನ್ನೂ ಬೇರ್ಪಡಿಸು. ಹೀಗೆ ಬರೆದೆ. ಎಸೆಯುವುದೇ ಲೇಸಿತ್ತೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ನನಗೂ ಆ ಅನುಮಾನ ಪೂರ್ಣವಾಗಿ ಹೋಗಿಲ್ಲ.

ಜುಲೈ ತಿಂಗಳಲ್ಲಿ ಐದು ಮರಿಗಳು ಚಿಪ್ಪೊಡೆದು ಬಂದವು. ಒಂದು ಮೂರನೆಯ ವಾರದಲ್ಲಿ ಸತ್ತಿತು. ಒಂದನ್ನು, ಬೆರಕೆಯೆಂದು ಬರೆದು ಸಹಿಮಾಡಿದ ಕಾಗದದೊಂದಿಗೆ, ವಿಶಾಲವಾದ ಜಮೀನಿರುವ ಪರಿಚಯಸ್ಥರಿಗೆ ಹಣವಿಲ್ಲದೆ ಕೊಟ್ಟನು. ಉಳಿದ ಮೂರು ಅವನಲ್ಲಿವೆ. ಪ್ರತಿ ತಿಂಗಳೂ ಅವುಗಳ ತೂಕ ಬರೆದಿಡುವ ಪುಸ್ತಕದ ಮೊದಲ ಪುಟದ ಚಿತ್ರವನ್ನು ನನಗೆ ಕಳುಹಿಸಿದ್ದಾನೆ. ತಂದೆಯ ಜಾತಿ, ತಾಯಿಯ ಜಾತಿ, ಹುಟ್ಟಿದ ದಿನಾಂಕ, ಎಲ್ಲಕ್ಕೂ ಕಲಂಗಳಿವೆ. ಕೊನೆಯ ಕಲಂ 'ನನ್ನ ನಂತರ ನೋಡಿಕೊಳ್ಳುವವರು' ಎಂಬುದು. ಅಲ್ಲಿ ಅವನ ಏಳು ವರ್ಷದ ಮಗಳು ಪೆನ್ಸಿಲಿನಿಂದ ತನ್ನ ಹೆಸರು ಬರೆದಿದ್ದಾಳೆ. ಪೆನ್ನಿನಲ್ಲಿ ಬರೆಯಲು ಹದಿನೆಂಟು ತುಂಬಲಿ ಎಂದು ಅವನು ಹೇಳಿದ್ದಾನಂತೆ.